ಗೀಸರ್ ರಿಪೇರಿನಾ, ಹೊಸದಾ? ಬಿಚ್ಚಿಸೋಕೆ ಮುಂಚೆ ನೋಡಬೇಕಾದ್ದು

ಗೀಸರ್ ಕೆಳಗೆ ನೀರು ತೊಟ್ಟಿಕ್ಕುತ್ತಿದೆ. ಇಲ್ಲವೇ ಮುಕ್ಕಾಲು ಗಂಟೆ ಆನ್ ಮಾಡಿಟ್ಟರೂ ನೀರು ಉಗುರುಬೆಚ್ಚಗೇ ಇದೆ. ಇಲ್ಲವೇ ಸ್ವಿಚ್ ಹಾಕಿದ ತಕ್ಷಣ ಇಡೀ ಮನೆಯ ಕರೆಂಟು ಹೋಗುತ್ತಿದೆ. ಇದರಲ್ಲಿ ಯಾವುದೇ ಆಗಲಿ, ನೋಡೋಕೆ ಬಂದವರು ಬಹಳ ಸಲ ಹೇಳುವುದು ಒಂದೇ ಮಾತು: "ಹಳೇದಾಯ್ತು ಸಾರ್, ಹೊಸದು ಹಾಕಿಸಿಬಿಡಿ."

ನಮ್ಮ ಮನೆಯಲ್ಲೂ ಹೀಗೇ ಆಯಿತು. ನಾವಿರುವುದು ಬೆಂಗಳೂರಿನ ಅಂಚಿನ ಒಂದು ಬಡಾವಣೆ. ಕಾವೇರಿ ನೀರು ಇನ್ನೂ ಬಂದಿಲ್ಲ, ಎಲ್ಲಕ್ಕೂ ಬೋರ್ ನೀರೇ. 25 ಲೀಟರಿನ ಗೀಸರ್ ಆರನೇ ವರ್ಷಕ್ಕೆ ಸೋರೋಕೆ ಶುರುವಾಯಿತು. ಬಂದವರು ಬಚ್ಚಲ ಬಾಗಿಲಲ್ಲೇ ನಿಂತು, ಮುಚ್ಚಳ ಕೂಡ ಬಿಚ್ಚದೆ, ಟ್ಯಾಂಕ್ ತೂತಾಗಿದೆ ಅಂದರು. ಮನಸ್ಸು ಒಪ್ಪಲಿಲ್ಲ. ನಮ್ಮ ಬೀದಿಯಲ್ಲೇ ಇರುವ ಹಿರಿಯ ಎಲೆಕ್ಟ್ರಿಷಿಯನ್ ಒಬ್ಬರನ್ನು ಸಂಜೆ ಕರೆದೆ. ಅವರು ಮೊದಲು ಕರೆಂಟು ತೆಗೆದರು, ಕೆಳಗಿನ ಪ್ಲಾಸ್ಟಿಕ್ ಮುಚ್ಚಳ ಬಿಚ್ಚಿದರು, ನೀರು ಖಾಲಿ ಮಾಡಿ, ನೀರು ಕಾಯಿಸುವ ಕಾಯಿಲ್ ಇಳಿಸಿದರು. ಅದರ ಸುತ್ತ ಕೂರುವ ರಬ್ಬರ್ ಗ್ಯಾಸ್ಕೆಟ್ ಕೈಗೆ ತೆಗೆದುಕೊಂಡು ಬೆರಳಲ್ಲಿ ಒತ್ತಿದರೆ ಹಪ್ಪಳದ ಹಾಗೆ ಮುರಿಯಿತು. ಹೊಸ ಗ್ಯಾಸ್ಕೆಟ್ ಹಾಕಿದರು, ಅದೇ ಗೀಸರ್ ಇನ್ನೂ ಎರಡು ವರ್ಷ ಓಡಿತು. ಆಮೇಲೆ ಮತ್ತೆ ಸೋರಿತು. ಆಗ ಮಾತ್ರ ನಿಜವಾಗಿಯೂ ಟ್ಯಾಂಕೇ ಹೋಗಿತ್ತು.

ಎರಡು ಸಲವೂ ನೆಲದ ಮೇಲೆ ಕಂಡದ್ದು ಒಂದೇ ಥರದ ನೀರು. ಬಾಗಿಲಲ್ಲಿ ನಿಂತು ನೋಡಿದರೆ ಯಾರಿಗೂ ಗೊತ್ತಾಗುವುದಿಲ್ಲ. ಅದಕ್ಕೇ ಇಷ್ಟೆಲ್ಲ ಬರೆಯುತ್ತಿದ್ದೇನೆ. ಗೀಸರಿನಲ್ಲಿ ಟ್ಯಾಂಕ್ ಒಂದನ್ನು ಬಿಟ್ಟರೆ ಮಿಕ್ಕದ್ದೆಲ್ಲ ಬಿಡಿಯಾಗಿ ಸಿಗುತ್ತದೆ. ಕಾಯಿಲ್, ನೀರು ಕಾದ ಮೇಲೆ ಕರೆಂಟು ನಿಲ್ಲಿಸುವ ಥರ್ಮೋಸ್ಟಾಟ್, ಅತಿಯಾಗಿ ಕಾದರೆ ಕರೆಂಟು ಕಡಿಯುವ ಕಟ್‌ಔಟ್, ಗ್ಯಾಸ್ಕೆಟ್, ವಾಲ್ವ್, ಮೆಗ್ನೀಶಿಯಂ ರಾಡ್, ದೀಪ, ವೈರು, ಯಾವುದು ಹೋದರೂ ಬದಲಾಯಿಸಬಹುದು. ಟ್ಯಾಂಕ್ ತೂತಾದರೆ ಮಾತ್ರ ಬೇರೆ ದಾರಿ ಇಲ್ಲ. ಹಾಗಾಗಿ ಮೊದಲ ಪ್ರಶ್ನೆ ಯಾವಾಗಲೂ ಇದೇ: ಹೋಗಿರುವುದು ಟ್ಯಾಂಕಾ, ಸಾಮಾನಾ?

ಮುಂಚೆ ಒಂದು ಮಾತು. ಇಲ್ಲಿ ನೀರೂ ಕರೆಂಟೂ ಒಂದೇ ಡಬ್ಬಿಯಲ್ಲಿವೆ. ಗೋಡೆಯ ಸ್ವಿಚ್ ಆಫ್ ಮಾಡಿದರೆ ಸಾಲದು. ಕೆಲವು ಹಳೆಯ ಮನೆಗಳಲ್ಲಿ ಸ್ವಿಚ್ಚನ್ನು ನ್ಯೂಟ್ರಲ್‌ಗೆ ಹಾಕಿರುತ್ತಾರೆ, ಆಫ್ ಮಾಡಿದರೂ ಒಳಗೆ ಕರೆಂಟು ಇರುತ್ತದೆ. ಮನೆಯ ಮೇನ್ ಬೋರ್ಡಿನಲ್ಲಿ ಗೀಸರಿನ ಎಂಸಿಬಿ (ಲೋಡ್ ಜಾಸ್ತಿಯಾದರೆ ತಾನಾಗಿ ಬೀಳುವ ಸ್ವಿಚ್) ಕೆಳಗಿಳಿಸಿ, ಪ್ಲಗ್ ಇದ್ದರೆ ಕಿತ್ತು ಹೊರಗಿಡಿ. ಹೊರಗಿನಿಂದ ನೋಡುವುದು, ಮುಟ್ಟುವುದು, ಎಣಿಸುವುದು ಎಲ್ಲ ನೀವು ಮಾಡಿ. ಮುಚ್ಚಳ ಬಿಚ್ಚಿ ವೈರಿಗೆ ಕೈ ಹಾಕುವ ಕೆಲಸ ಗೊತ್ತಿರುವವರದ್ದು.

ಸೋರುವುದು ಎಲ್ಲಿಂದ?

ಕರೆಂಟು ತೆಗೆದು ಗೀಸರಿನ ತಳವನ್ನೆಲ್ಲ ಒಣ ಬಟ್ಟೆಯಲ್ಲಿ ಚೆನ್ನಾಗಿ ಒರೆಸಿ. ಆಮೇಲೆ ಟಿಶ್ಯೂ ಕಾಗದ ಚೂರು ಚೂರು ಮಾಡಿ, ಒಂದು ತಣ್ಣೀರಿನ ನಟ್ಟಿಗೆ, ಒಂದು ಬಿಸಿನೀರಿನ ನಟ್ಟಿಗೆ, ಒಂದು ವಾಲ್ವಿಗೆ ಸುತ್ತಿ. ಹದಿನೈದು ನಿಮಿಷ ಬಿಟ್ಟು ನೋಡಿ. ಮೊದಲು ಒದ್ದೆಯಾದ ಕಾಗದವೇ ಉತ್ತರ. ಸುಮ್ನೆ ಕಣ್ಣಲ್ಲಿ ನೋಡಿದರೆ ಮೋಸ ಹೋಗುತ್ತೀರಿ, ಯಾಕೆಂದರೆ ನೀರು ಮೇಲಿಂದ ಜಾರಿ ಬಂದು ತಳದ ಅತಿ ತಗ್ಗಿನ ಜಾಗದಲ್ಲಿ ತೊಟ್ಟಿಕ್ಕುತ್ತದೆ.

ನಟ್ಟಿನ ಹತ್ತಿರ ಒದ್ದೆಯಾದರೆ ಸಂತೋಷ ಪಡಿ. ವಾಷರ್ ಹೋಗಿರುತ್ತದೆ, ಇಲ್ಲವೇ ಸ್ಟೀಲ್ ಜಾಲರಿಯ ಕನೆಕ್ಷನ್ ಪೈಪ್ ಒಳಗೆ ಬಿರುಕು ಬಿಟ್ಟಿರುತ್ತದೆ. ಪ್ಲಂಬರ್‌ಗೆ ಹತ್ತು ನಿಮಿಷದ ಕೆಲಸ.

ವಾಲ್ವಿನ ವಿಷಯಕ್ಕೆ ಸ್ವಲ್ಪ ಜಾಸ್ತಿ ಗಮನ ಕೊಡಬೇಕು, ಯಾಕೆಂದರೆ ಅತಿ ಹೆಚ್ಚು ಗೀಸರ್‌ಗಳು ಸುಮ್ಮನೆ ಬೈಸಿಕೊಳ್ಳುವುದು ಇದರಿಂದಲೇ. ತಣ್ಣೀರು ಒಳಗೆ ಹೋಗುವ ಕಡೆ ಒಂದು ಪುಟ್ಟ ವಾಲ್ವ್ ಇರುತ್ತದೆ, ಪಕ್ಕದಲ್ಲಿ ಸಣ್ಣ ಮೂತಿ. ನೀರು ಕಾದಾಗ ಹಿಗ್ಗುತ್ತದೆ ಅಲ್ವಾ? 25 ಲೀಟರ್ ನೀರು 20 ಡಿಗ್ರಿಯಿಂದ 60 ಡಿಗ್ರಿಗೆ ಕಾದರೆ ಹೆಚ್ಚುಕಮ್ಮಿ 380 ಮಿಲಿಲೀಟರ್ ಹೆಚ್ಚಾಗುತ್ತದೆ. ಆ ವಾಲ್ವ್ ನೀರನ್ನು ಹಿಂದಕ್ಕೆ ಹೋಗಲು ಬಿಡುವುದಿಲ್ಲ, ಆದ್ದರಿಂದ ಹೆಚ್ಚಾದ ನೀರು ಆ ಮೂತಿಯಿಂದಲೇ ಹೊರಗೆ ಬರಬೇಕು. ಅಂದರೆ ಕಾಯುತ್ತಿರುವಾಗ ಒಂದೆರಡು ಲೋಟ ನೀರು ತೊಟ್ಟಿಕ್ಕಿದರೆ ಅದು ದೋಷವೇ ಅಲ್ಲ, ವಾಲ್ವ್ ತನ್ನ ಕೆಲಸ ಮಾಡುತ್ತಿದೆ. ದಯವಿಟ್ಟು ಆ ಮೂತಿಗೆ ಎಂ-ಸೀಲ್ ಮೆತ್ತಬೇಡಿ, ಡಮ್ಮಿ ಹಾಕಿ ಮುಚ್ಚಬೇಡಿ. ಥರ್ಮೋಸ್ಟಾಟೂ ಕಟ್‌ಔಟೂ ಕೆಟ್ಟು ನೀರು ಕುದಿಯೋಕೆ ಶುರುವಾದ ದಿನ ಟ್ಯಾಂಕ್ ಒಡೆಯದ ಹಾಗೆ ಕಾಪಾಡುವುದು ಅದೇ. ಗೀಸರ್ ಆಫ್ ಆಗಿ ಗಂಟೆಗಟ್ಟಲೆ ಆದ ಮೇಲೂ ನಿಲ್ಲದೆ ತೊಟ್ಟಿಕ್ಕಿದರೆ ಮಾತ್ರ ವಾಲ್ವ್ ಹಾಳಾಗಿದೆ ಅಥವಾ ಪ್ರೆಶರ್ ಪಂಪ್ ಜೋರಾಗಿ ತಳ್ಳುತ್ತಿದೆ ಅಂತ ಅರ್ಥ. ವಾಲ್ವ್ ಹಾಳಾಗಿದ್ದರೆ ಅದೊಂದನ್ನು ಬದಲಾಯಿಸಿದರೆ ಸಾಕು, ಪಂಪ್ ಕಾರಣವಾದರೆ ಅದರ ಒತ್ತಡ ಕಮ್ಮಿ ಮಾಡಿಸಬೇಕು.

ಮೂರೂ ಕಾಗದ ಒಣಗಿಯೇ ಇದ್ದು, ಕೆಳಗಿನ ಮುಚ್ಚಳದ ಒಳಗಿಂದ ನೀರು ಬರುತ್ತಿದ್ದರೆ ಎರಡೇ ಸಾಧ್ಯತೆ, ಗ್ಯಾಸ್ಕೆಟ್ ಇಲ್ಲವೇ ಟ್ಯಾಂಕ್. ಎಲೆಕ್ಟ್ರಿಷಿಯನ್ ಮುಚ್ಚಳ ತೆಗೆದಾಗ ನೀವೂ ಪಕ್ಕದಲ್ಲಿ ನಿಂತು ಟಾರ್ಚ್ ಹಾಕಿ ನೋಡಿ. ಕಾಯಿಲ್ ಕೂರುವ ತಟ್ಟೆಯ ಅಂಚಿನಲ್ಲಿ ಬಿಳಿ ಉಪ್ಪು ಉಂಗುರದ ಹಾಗೆ ಕಟ್ಟಿದ್ದರೆ ಗ್ಯಾಸ್ಕೆಟ್. ತಟ್ಟೆಯ ಸುತ್ತ ಒಣಗಿದ್ದು, ಹೊರಗಿನ ತಗಡಿಗೂ ಟ್ಯಾಂಕಿಗೂ ನಡುವೆ ತುಂಬಿರುವ ಹಳದಿ ಫೋಮ್ ನೆಂದು ಕಂದು ಬಣ್ಣಕ್ಕೆ ತಿರುಗಿದ್ದರೆ ಟ್ಯಾಂಕ್ ಹೋಗಿದೆ. ನಮ್ಮದರಲ್ಲಿ ಎರಡನೇ ಸಲ ಫೋಮ್ ಹಿಂಡಿದರೆ ಚಹಾದ ಬಣ್ಣದ ನೀರು ಬಂತು. ಅಲ್ಲಿಗೆ ಆ ಗೀಸರಿನ ಕಥೆ ಮುಗಿಯಿತು. ಟ್ಯಾಂಕಿಗೆ ವೆಲ್ಡಿಂಗ್ ಮಾಡಿಕೊಡುತ್ತೇವೆ ಅನ್ನುವವರೂ ಸಿಗುತ್ತಾರೆ. ಬೇಡ. ಒಳಗಿನ ಗಾಜಿನ ಲೇಪ ವೆಲ್ಡಿಂಗ್ ಶಾಖಕ್ಕೆ ಸಿಡಿದು ಹೋಗುತ್ತದೆ, ಪಕ್ಕದಲ್ಲೇ ಮತ್ತೆ ತುಕ್ಕು ಹಿಡಿಯುತ್ತದೆ.

ಕಾಯುತ್ತಲೇ ಇಲ್ಲ

ಮೊದಲು ಸಾಕೆಟ್ ನೋಡಿ. 2 ಕಿಲೋವ್ಯಾಟ್ ಗೀಸರ್ ಸುಮಾರು 8.7 ಆಂಪಿಯರ್ ಎಳೆಯುತ್ತದೆ, ಅದಕ್ಕೆ 16 ಆಂಪಿಯರಿನ ದೊಡ್ಡ ಸಾಕೆಟ್ಟೇ ಬೇಕು. ಪ್ಲಗ್ಗಿನ ಪಿನ್ ಕಪ್ಪಾಗಿದೆಯಾ, ಸಾಕೆಟ್ಟಿನ ಮುಖ ಹಳದಿಯಾಗಿ ಸುಕ್ಕುಗಟ್ಟಿದೆಯಾ, ಮೀನು ಸುಟ್ಟ ಹಾಗೆ ಒಂಥರಾ ವಾಸನೆ ಬರುತ್ತಿದೆಯಾ? ಹಾಗಿದ್ದರೆ ದೋಷ ಗೀಸರಿನಲ್ಲಿ ಇಲ್ಲವೇ ಇಲ್ಲ. ಹೊಸ ಗೀಸರ್ ತಂದು ಅದೇ ಸುಟ್ಟ ಸಾಕೆಟ್ಟಿಗೆ ಚುಚ್ಚಿದರೆ ಮತ್ತೆ ಅದೇ ಗೋಳು.

ಸಾಕೆಟ್ ಸರಿ ಇದ್ದರೆ ಮನೆಯ ಮೀಟರ್ ಹತ್ತಿರ ಹೋಗಿ. ಇದು ನನಗೆ ಬಹಳ ಇಷ್ಟವಾದ ಪರೀಕ್ಷೆ, ಯಾವ ಸಲಕರಣೆಯೂ ಬೇಡ, ಏನನ್ನೂ ಬಿಚ್ಚಬೇಕಿಲ್ಲ. ಡಿಜಿಟಲ್ ಮೀಟರಿನಲ್ಲಿ ಒಂದು ಕೆಂಪು ದೀಪ ಮಿನುಗುತ್ತಿರುತ್ತದೆ, ಪಕ್ಕದಲ್ಲಿ ಒಂದು ಯೂನಿಟ್ಟಿಗೆ ಎಷ್ಟು ಸಲ ಮಿನುಗುತ್ತದೆ ಅಂತ ಬರೆದಿರುತ್ತದೆ, 1600 ಅಥವಾ 3200 ಅಂತ. ಫ್ರಿಜ್ಜೂ ಸೇರಿ ಮನೆಯಲ್ಲಿ ಎಲ್ಲ ಆಫ್ ಮಾಡಿ, ಗೀಸರ್ ಒಂದನ್ನು ಆನ್ ಮಾಡಿಸಿ, ಒಂದು ನಿಮಿಷ ಎಣಿಸಿ. 3200 ಅಂತ ಇದ್ದರೆ 2 ಕಿಲೋವ್ಯಾಟ್ ಗೀಸರಿಗೆ ನಿಮಿಷಕ್ಕೆ 107 ಸಲ ಆಸುಪಾಸು ಮಿನುಗಬೇಕು. 1600 ಅಂತ ಇದ್ದರೆ 53 ಸಲ. ಬೇರೆ ಸಂಖ್ಯೆ ಇದ್ದರೆ ನೀವು ಎಣಿಸಿದ್ದನ್ನು 60ರಿಂದ ಗುಣಿಸಿ ಆ ಸಂಖ್ಯೆಯಿಂದ ಭಾಗಿಸಿ, ಎಷ್ಟು ಕಿಲೋವ್ಯಾಟ್ ಅಂತ ಬರುತ್ತದೆ.

ದೀಪ ಮಿನುಗಲೇ ಇಲ್ಲ ಅಂದರೆ ಕಾಯಿಲಿಗೆ ಕರೆಂಟು ಹೋಗುತ್ತಿಲ್ಲ ಅಥವಾ ಕಾಯಿಲ್ ಸುಟ್ಟಿದೆ. ಎಲೆಕ್ಟ್ರಿಷಿಯನ್ ಬಂದಾಗ ವೈರ್ ಕಳಚಿ ಮಲ್ಟಿಮೀಟರ್ ಹಿಡಿಯಲು ಹೇಳಿ. 2 ಕಿಲೋವ್ಯಾಟ್ ಕಾಯಿಲಿನ ಎರಡು ತುದಿಗಳ ನಡುವೆ 26 ಓಮ್ ಹತ್ತಿರ ತೋರಿಸಬೇಕು. ಏನೂ ತೋರಿಸದಿದ್ದರೆ ಕಾಯಿಲ್ ಹೋಗಿದೆ. ಸರಿಯಾಗಿ ತೋರಿಸಿದರೆ ಕಾಯಿಲ್ ಚೆನ್ನಾಗಿದೆ, ಥರ್ಮೋಸ್ಟಾಟ್ ಅಥವಾ ಕಟ್‌ಔಟ್ ನೋಡಬೇಕು. ಕಟ್‌ಔಟ್‌ನಲ್ಲಿ ಕೆಲವು ಮಾಡೆಲ್‌ಗಳಿಗೆ ಒಂದು ಪುಟ್ಟ ಗುಂಡಿ ಇರುತ್ತದೆ, ನೀರು ಅತಿಯಾಗಿ ಕಾದಾಗ ಅದು ಹೊರಗೆ ಚಿಮ್ಮಿ ಕರೆಂಟು ಕಡಿಯುತ್ತದೆ. ತಣ್ಣಗಾದ ಮೇಲೆ ಒತ್ತಿದರೆ ಮತ್ತೆ ಕೂರುತ್ತದೆ. ಒಂದು ಸಲ ಆದರೆ ಪರವಾಗಿಲ್ಲ. ವಾರದಲ್ಲಿ ಮತ್ತೆ ಚಿಮ್ಮಿತು ಅಂದರೆ ಥರ್ಮೋಸ್ಟಾಟ್ ಅಂಟಿಕೊಂಡಿದೆ, ನೀರು ಕಾದರೂ ಅದು ಕರೆಂಟು ನಿಲ್ಲಿಸುತ್ತಿಲ್ಲ. ಎರಡನ್ನೂ ಬದಲಾಯಿಸಿ. ಕಟ್‌ಔಟ್ ತೆಗೆದು ನೇರ ಕನೆಕ್ಷನ್ ಕೊಟ್ಟು "ಈಗ ಓಡ್ತಿದೆ ನೋಡಿ" ಅನ್ನುವವರನ್ನು ಇನ್ನೊಂದು ಸಲ ಮನೆಗೆ ಕರೆಯಬೇಡಿ.

ಕಾಯುತ್ತದೆ, ಆದರೆ ಸಾಲದು

22 ಡಿಗ್ರಿಯ ನೀರನ್ನು 60 ಡಿಗ್ರಿಗೆ ಕಾಯಿಸಲು 2 ಕಿಲೋವ್ಯಾಟ್ ಗೀಸರಿಗೆ 15 ಲೀಟರ್ ಆದರೆ 20 ನಿಮಿಷ, 25 ಲೀಟರ್ ಆದರೆ 33 ನಿಮಿಷ ಬೇಕು. ಲೆಕ್ಕ ಹಾಕಿದರೆ ಇಷ್ಟೇ ಬರುವುದು, ಕಂಪನಿ ಯಾವುದಾದರೂ ಇರಲಿ. ನಿಮ್ಮದು ಇದಕ್ಕಿಂತ ಬಹಳ ಜಾಸ್ತಿ ತೆಗೆದುಕೊಳ್ಳುತ್ತಿದ್ದರೆ ಮೀಟರಿನ ಮಿನುಗು ಮತ್ತೆ ಎಣಿಸಿ. ಮಿನುಗು ಕಮ್ಮಿ ಇದ್ದರೆ ಓಲ್ಟೇಜ್ ಕಮ್ಮಿ ಇದೆ. 230 ಬರಬೇಕಾದಲ್ಲಿ 190 ಬಂದರೆ ಗೀಸರಿನ ಶಕ್ತಿ ಮೂರರಲ್ಲಿ ಎರಡು ಪಾಲಿಗೆ ಇಳಿಯುತ್ತದೆ, 33 ನಿಮಿಷದ ಕೆಲಸ 48 ನಿಮಿಷ ಹಿಡಿಯುತ್ತದೆ. ಬೇಸಿಗೆಯಲ್ಲಿ ಪಂಪ್‌ಸೆಟ್ಟುಗಳೆಲ್ಲ ಓಡುವ ಹೊತ್ತಿಗೆ ಹಳ್ಳಿಗಳಲ್ಲಿ ಇದು ಮಾಮೂಲಿ. ಗೀಸರ್ ಬದಲಾಯಿಸಿದರೆ ಏನೂ ಪ್ರಯೋಜನ ಇಲ್ಲ.

ಕಾಯಿಲಿಗೆ ಉಪ್ಪು ಕಟ್ಟಿದರೆ ನೀರು ನಿಧಾನ ಕಾಯುತ್ತದೆ ಅಂತ ಎಲ್ಲರೂ ಹೇಳುತ್ತಾರೆ. ಪೂರ್ತಿ ನಿಜವಲ್ಲ. ಎಳೆದ ಕರೆಂಟಿನ ಶಾಖ ಹೇಗಿದ್ದರೂ ನೀರಿಗೇ ಹೋಗಬೇಕು, ಬೇರೆಲ್ಲೂ ಹೋಗಲು ಜಾಗ ಇಲ್ಲ. ನಿಜವಾಗಿ ಆಗುವುದು ಬೇರೆ. ಉಪ್ಪಿನ ಪದರದ ಒಳಗೆ ಕಾಯಿಲ್ ಅತಿಯಾಗಿ ಬಿಸಿಯಾಗುತ್ತದೆ, ಪಕ್ಕದಲ್ಲೇ ಇರುವ ಥರ್ಮೋಸ್ಟಾಟ್ "ನೀರು ಕಾಯಿತು" ಅಂದುಕೊಂಡು ಬೇಗ ಆಫ್ ಆಗುತ್ತದೆ, ನಿಮಗೆ ಸಿಗುವುದು ಉಗುರುಬೆಚ್ಚಗಿನ ನೀರು. ಆ ಶಾಖಕ್ಕೆ ಕಾಯಿಲ್ ಒಂದು ದಿನ ಸೀಳುತ್ತದೆ. ಜೊತೆಗೆ ಉದುರಿದ ಉಪ್ಪು ತಳದಲ್ಲಿ ತುಂಬಿ ನೀರಿನ ಜಾಗವನ್ನೂ ತಿನ್ನುತ್ತದೆ. ನಮ್ಮ ಗೀಸರ್ ಬಿಚ್ಚಿದಾಗ ತಳದಿಂದ ಅರ್ಧ ಬಕೆಟ್ ಬಂತು, ಮೊಟ್ಟೆ ಚಿಪ್ಪು ಪುಡಿ ಮಾಡಿದ ಹಾಗೆ ಬಿಳಿ ಚಕ್ಕೆಗಳು. ಕಾಯುವಾಗ ಒಳಗಿಂದ ಚಟಪಟ, ಗುಳುಗುಳು ಸದ್ದು ಬರುತ್ತಿದ್ದರೆ ಇದೇ ಕಾರಣ. ಕಾಯಿಲ್ ಇಳಿಸಿ ತೊಳೆಸಿ. ನಮ್ಮಂಥ ಬೋರ್ ನೀರಿನವರು ವರ್ಷಕ್ಕೊಂದು ಸಲ ಮಾಡಿಸಲೇಬೇಕು.

ಮೊದಲ ಅರ್ಧ ಬಕೆಟ್ ಸುಡುಸುಡು ಬಂದು ಆಮೇಲೆ ಒಮ್ಮೆಲೇ ತಣ್ಣಗಾದರೆ ಇನ್ನೊಂದು ಸಂಗತಿ ನೋಡಬೇಕು. ಬಿಸಿನೀರು ಟ್ಯಾಂಕಿನ ಮೇಲ್ಭಾಗದಲ್ಲಿ ನಿಲ್ಲುತ್ತದೆ. ಅದನ್ನು ಎತ್ತಿಕೊಳ್ಳಲು ಒಳಗೆ ತಳದಿಂದ ತಲೆಯವರೆಗೆ ಒಂದು ಉದ್ದ ಕೊಳವೆ ಇರುತ್ತದೆ. ಆ ಕೊಳವೆ ಬಿರುಕು ಬಿಟ್ಟರೆ ತಳದ ತಣ್ಣೀರು ನಡುವೆಯೇ ಸೇರಿಕೊಳ್ಳುತ್ತದೆ. ಹೊಸ ಗೀಸರಿನಲ್ಲೇ ಹೀಗಾದರೆ ಪೈಪ್ ಅದಲುಬದಲಾಗಿದೆ. ನೀಲಿ ಉಂಗುರದ ಕಡೆ ತಣ್ಣೀರು, ಕೆಂಪು ಉಂಗುರದ ಕಡೆ ಬಿಸಿನೀರು. ಇದನ್ನು ಅಡ್ಡಡ್ಡ ಜೋಡಿಸಿ ಹೋದ ಮನೆಗಳನ್ನು ನಾನೇ ಎರಡು ಕಂಡಿದ್ದೇನೆ, ಒಬ್ಬರಂತೂ ಗೀಸರ್ ವಾಪಸ್ ಕೊಡಲು ಹೊರಟಿದ್ದರು.

ಇನ್ನೊಂದು ಕಳ್ಳದಾರಿ, ಬಿಸಿನೀರು ತಣ್ಣೀರು ಎರಡನ್ನೂ ಬೆರೆಸಿ ಕೊಡುವ ಮಿಕ್ಸರ್ ನಲ್ಲಿಯದ್ದು. ಗೀಸರಿನ ತಣ್ಣೀರಿನ ಕಾಕ್ ಪೂರ್ತಿ ಮುಚ್ಚಿ, ಗೀಸರ್ ಆಫ್ ಮಾಡಿ, ಬಿಸಿನೀರಿನ ನಲ್ಲಿ ತೆರೆಯಿರಿ. ಕೆಲವೇ ಸೆಕೆಂಡಿನಲ್ಲಿ ನೀರು ನಿಲ್ಲಬೇಕು. ನಿಲ್ಲದೆ ಬರುತ್ತಲೇ ಇದ್ದರೆ ಮನೆಯ ಯಾವುದೋ ಮಿಕ್ಸರ್ ಒಳಗೆ ತಣ್ಣೀರು ಬಿಸಿನೀರಿನ ಪೈಪಿಗೆ ನುಗ್ಗುತ್ತಿದೆ. ಗೀಸರ್ ಎಷ್ಟೇ ಕಾಯಿಸಲಿ, ನಿಮಗೆ ಬೆರಕೆಯೇ ಸಿಗುವುದು.

ಟ್ರಿಪ್ ಆಗುವುದು, ಶಾಕ್ ಹೊಡೆಯುವುದು

ಬೋರ್ಡಿನಲ್ಲಿ ಬಿದ್ದದ್ದು ಯಾವುದು ಅಂತ ನೋಡಿ. ಗೀಸರಿನ ಎಂಸಿಬಿ ಬಿದ್ದರೆ ಶಾರ್ಟ್ ಆಗಿದೆ ಅಥವಾ ಲೋಡ್ ಜಾಸ್ತಿಯಾಗಿದೆ. ಟೆಸ್ಟ್ ಗುಂಡಿ ಇರುವ ಆರ್‌ಸಿಸಿಬಿ ಬಿದ್ದರೆ ಕರೆಂಟು ಭೂಮಿಗೆ ಸೋರುತ್ತಿದೆ, ಅಂದರೆ ಬಹುಮಟ್ಟಿಗೆ ಕಾಯಿಲ್ ಸೀಳಿ ನೀರು ಒಳಗೆ ಹೋಗಿದೆ. ಮತ್ತೆ ಮತ್ತೆ ಮೇಲೆತ್ತಿ ಪ್ರಯತ್ನ ಮಾಡಬೇಡಿ. ಆರ್‌ಸಿಸಿಬಿ ಬಿದ್ದದ್ದು ನಿಮ್ಮ ಜೀವ ಉಳಿಸಲು.

ನಲ್ಲಿ ಮುಟ್ಟಿದಾಗ, ನೀರು ಮೈಮೇಲೆ ಬಿದ್ದಾಗ ಜುಂ ಅಂದರೆ ಅದೇ ಕ್ಷಣ ಸ್ನಾನ ನಿಲ್ಲಿಸಿ ಮೇನ್ ಆಫ್ ಮಾಡಿಸಿ. "ಸ್ವಲ್ಪವೇ ಹೊಡೆಯುತ್ತೆ, ಅಭ್ಯಾಸ ಆಗಿದೆ" ಅಂತ ನಮ್ಮ ಸಂಬಂಧಿಕರ ಮನೆಯಲ್ಲಿ ಹೇಳಿದ್ದು ಕೇಳಿ ನನಗೆ ಎದೆ ನಡುಗಿತು. ಇಲ್ಲಿ ಎರಡು ತಪ್ಪು ಒಟ್ಟಿಗೆ ಆಗಿರುತ್ತವೆ, ಕಾಯಿಲ್ ಸೋರುತ್ತಿದೆ, ಜೊತೆಗೆ ಅರ್ಥಿಂಗೂ ಇಲ್ಲ. ಅರ್ಥಿಂಗ್ ಸರಿ ಇದ್ದಿದ್ದರೆ ಆ ಕರೆಂಟು ನಿಮ್ಮ ಮೈಗೆ ಬರುವ ಬದಲು ಭೂಮಿಗೆ ಹೋಗುತ್ತಿತ್ತು. ಬರೀ ಕಾಯಿಲ್ ಅಥವಾ ಬರೀ ಗೀಸರ್ ಬದಲಾಯಿಸಿದರೆ ಅರ್ಧ ಕೆಲಸ ಮಾತ್ರ. ಅರ್ಥಿಂಗ್ ಗುಂಡಿ ಬೇಸಿಗೆಯಲ್ಲಿ ಒಣಗಿದ್ದರೆ ನೀರು ಹಾಕಿಸಿ, ತಂತಿ ತುಕ್ಕು ಹಿಡಿದು ಕಡಿದಿದ್ದರೆ ಹೊಸದು ಎಳೆಸಿ. 30 ಮಿಲಿಆಂಪಿಯರಿನ ಆರ್‌ಸಿಸಿಬಿ ಇಲ್ಲದ ಮನೆಯಲ್ಲಿ ಗೀಸರಿಗಿಂತ ಮೊದಲು ಅದನ್ನು ಹಾಕಿಸಿ. ಏನೇ ಆಗಲಿ, ಆನ್ ಇರುವಾಗ ಸ್ನಾನ ಮಾಡಬೇಡಿ, ಆಫ್ ಮಾಡಿಯೇ ಒಳಗೆ ಹೋಗಿ.

ಸೋಲಾರ್, ಗ್ಯಾಸ್ ಇದ್ದವರಿಗೆ

ಟ್ಯೂಬಿನ ಸೋಲಾರ್ ಇದ್ದರೆ ಪ್ರತಿ ಗಾಜಿನ ಟ್ಯೂಬಿನ ತುದಿ ನೋಡಿ. ಅಲ್ಲಿ ಕನ್ನಡಿಯ ಹಾಗೆ ಬೆಳ್ಳಿ ಬಣ್ಣ ಇರಬೇಕು. ಹಾಲಿನ ಹಾಗೆ ಬಿಳಿಯಾಗಿದ್ದರೆ ಟ್ಯೂಬಿನ ಒಳಗಿನ ನಿರ್ವಾತ ಹೋಗಿದೆ, ಆ ಟ್ಯೂಬ್ ಹಿಡಿದ ಶಾಖವನ್ನು ಹೊರಗೇ ಚೆಲ್ಲುತ್ತಿದೆ. ಅದೊಂದನ್ನೇ ಬದಲಾಯಿಸಬಹುದು. ಇಲ್ಲೂ ಅಷ್ಟೇ, ಇಡೀ ಸೋಲಾರ್ ತೆಗೆಯಬೇಕಾಗುವುದು ಮೇಲಿನ ಟ್ಯಾಂಕ್ ತುಕ್ಕು ಹಿಡಿದು ಸೋರಿದಾಗ ಮಾತ್ರ.

ಗ್ಯಾಸ್ ಗೀಸರ್ ಹತ್ತಿಕೊಳ್ಳದಿದ್ದರೆ ಮೊದಲು ಒಳಗಿನ ಎರಡು ದಪ್ಪ ಬ್ಯಾಟರಿ ಬದಲಾಯಿಸಿ ನೋಡಿ. ಉರಿ ನೀಲಿ ಇರಬೇಕು. ಹಳದಿಯಾಗಿ ಕುಣಿಯುತ್ತಿದ್ದರೆ ಬಳಸುವುದನ್ನು ನಿಲ್ಲಿಸಿ. ಅದು ಬಚ್ಚಲ ಒಳಗೇ ಇದ್ದರೆ ಕೆಟ್ಟಿರಲಿ ಬಿಡಲಿ, ಹೊರಗೆ ಗಾಳಿಯಾಡುವ ಜಾಗಕ್ಕೆ ಹಾಕಿಸಿ. ಕಾರ್ಬನ್ ಮೊನಾಕ್ಸೈಡ್‌ಗೆ ಬಣ್ಣ ಇಲ್ಲ, ವಾಸನೆ ಇಲ್ಲ. ಮುಚ್ಚಿದ ಬಚ್ಚಲಲ್ಲಿ ಸ್ನಾನಕ್ಕೆ ಹೋದವರು ಹೊರಗೆ ಬರಲೇ ಇಲ್ಲ ಅನ್ನುವ ಸುದ್ದಿ ನಮ್ಮ ರಾಜ್ಯದಲ್ಲೇ ಎಷ್ಟು ಸಲ ಓದಿದ್ದೇವೆ.

ಯಾವಾಗ ಹೊಸದು?

ಟ್ಯಾಂಕ್ ಸೋರಿದರೆ ಯೋಚನೆ ಬೇಡ. ಆದರೆ ಅಂಗಡಿಗೆ ಓಡುವ ಮುಂಚೆ ಗ್ಯಾರಂಟಿ ಕಾರ್ಡ್ ಹುಡುಕಿ. ಟ್ಯಾಂಕಿಗೆ 5 ವರ್ಷ, 7 ವರ್ಷ ಅಂತ ಪ್ರತ್ಯೇಕ ಗ್ಯಾರಂಟಿ ಇರುವುದು ಸಾಮಾನ್ಯ, ಕಾಯಿಲಿನದ್ದು ಮುಗಿದಿದ್ದರೂ ಟ್ಯಾಂಕಿನದ್ದು ಉಳಿದಿರಬಹುದು.

ಬಿಸಿನೀರು ಮಾತ್ರ ಕೆಂಪಗೆ, ತಣ್ಣೀರು ತಿಳಿಯಾಗಿ ಬರುತ್ತಿದ್ದರೆ ಟ್ಯಾಂಕ್ ಒಳಗಿಂದ ತುಕ್ಕು ಹಿಡಿಯುತ್ತಿದೆ. ಇನ್ನೂ ಸೋರದಿದ್ದರೂ ದಿನ ಎಣಿಸುತ್ತಿದೆ ಅಂದುಕೊಳ್ಳಿ. ಇಲ್ಲಿ ಮೆಗ್ನೀಶಿಯಂ ರಾಡ್ ಬಗ್ಗೆ ಹೇಳಬೇಕು, ಯಾಕೆಂದರೆ ಇದೊಂದನ್ನು ನಾನು ಮೊದಲೇ ತಿಳಿದಿದ್ದರೆ ನಮ್ಮ ಹಳೆಯ ಗೀಸರ್ ಇನ್ನೂ ಗೋಡೆಯ ಮೇಲಿರುತ್ತಿತ್ತೇನೋ. ಟ್ಯಾಂಕಿನ ಒಳಗೆ ಬೆರಳು ದಪ್ಪದ ಮೆಗ್ನೀಶಿಯಂ ಕಡ್ಡಿ ಇರುತ್ತದೆ. ತುಕ್ಕು ಮೊದಲು ಅದನ್ನು ತಿನ್ನುತ್ತದೆ, ಅದು ಇರುವ ತನಕ ಟ್ಯಾಂಕಿನ ಉಕ್ಕಿನ ತಂಟೆಗೆ ಹೋಗುವುದಿಲ್ಲ. ಕಡ್ಡಿ ಮುಗಿದ ಮೇಲೆ ಟ್ಯಾಂಕಿನ ಸರದಿ. ಗ್ಯಾಸ್ಕೆಟ್ ಹಾಕಿಸಿದ ದಿನ ನಮ್ಮದರಲ್ಲಿ ನಡುವಿನ ಸಣ್ಣ ತಂತಿ ಮಾತ್ರ ಉಳಿದಿತ್ತು, ಆರು ವರ್ಷದಲ್ಲಿ ಯಾರೂ ಬದಲಾಯಿಸಿರಲಿಲ್ಲ. ಅಷ್ಟೊತ್ತಿಗೆ ತಡವಾಗಿತ್ತು. ಗಡಸು ನೀರಿದ್ದರೆ ವರ್ಷಕ್ಕೊಂದು ಸಲ ಕಾಯಿಲ್ ತೊಳೆಸುವಾಗ ರಾಡ್ ನೋಡಿಸಿ, ಅರ್ಧಕ್ಕಿಂತ ಸವೆದಿದ್ದರೆ ಹೊಸದು ಹಾಕಿಸಿ. ಗೀಸರಿನ ಆಯಸ್ಸಿಗೆ ಇದಕ್ಕಿಂತ ಅಗ್ಗದ ಔಷಧ ಇಲ್ಲ. ಅಜ್ಜಿ ಮನೆಯ ತಾಮ್ರದ ಹಂಡೆ ಅಷ್ಟು ವರ್ಷ ಬಂತು, ಇದ್ಯಾಕೆ ಬರಲ್ಲ ಅಂತ ನಮ್ಮಮ್ಮ ಕೇಳುತ್ತಾರೆ. ಹಂಡೆಯ ಬಾಯಿ ತೆರೆದಿರುತ್ತಿತ್ತು, ಒಳಗೆ ಒತ್ತಡ ಇರಲಿಲ್ಲ, ಉಪ್ಪು ಕಟ್ಟಿದರೆ ಕೈ ಹಾಕಿ ಹುಣಸೆಹಣ್ಣು ತಿಕ್ಕಿ ತೊಳೆಯುತ್ತಿದ್ದರು. ಗೀಸರಿನ ಒಳಗೆ ಯಾರೂ ಇಣುಕುವುದಿಲ್ಲ.

ಇನ್ನು ಎಂಟು ಹತ್ತು ವರ್ಷ ದಾಟಿದ ಗೀಸರಿಗೆ ಎರಡು ವರ್ಷದಲ್ಲಿ ಎರಡನೇ ಸಲ ಕಾಯಿಲ್ ಹೋದರೆ, ಅಥವಾ ರಿಪೇರಿ ಖರ್ಚು ಹೊಸದರ ಅರ್ಧ ಮುಟ್ಟಿದರೆ ನಾನಾದರೆ ಹೊಸದೇ ಕೊಳ್ಳುತ್ತೇನೆ. ಮೂರು ನಾಲ್ಕು ವರ್ಷದ್ದಾದರೆ ರಿಪೇರಿ.

ಎಷ್ಟು ದೊಡ್ಡದು ಬೇಕು? 60 ಡಿಗ್ರಿಯ ನೀರಿಗೆ 22 ಡಿಗ್ರಿಯ ತಣ್ಣೀರು ಬೆರೆಸಿ 40 ಡಿಗ್ರಿಯ ಸ್ನಾನದ ನೀರು ಮಾಡಿದರೆ 15 ಲೀಟರಿನಿಂದ ಸುಮಾರು 30 ಲೀಟರ್, ಅಂದರೆ ಒಂದೂವರೆ ಬಕೆಟ್ ಸಿಗುತ್ತದೆ. 25 ಲೀಟರಿನಿಂದ ಎರಡೂವರೆ ಬಕೆಟ್. 3 ಕಿಲೋವ್ಯಾಟಿನ ಇನ್‌ಸ್ಟಂಟ್ ಗೀಸರ್ ನಿಮಿಷಕ್ಕೆ ಎರಡೂವರೆ ಲೀಟರಿನ ಹತ್ತಿರ ಕೊಡುತ್ತದೆ, ಬಕೆಟ್ ತುಂಬಲು ಎಂಟು ನಿಮಿಷ. ಅಡುಗೆಮನೆಗೆ ಸಾಕು, ಚಳಿಗಾಲದಲ್ಲಿ ಶವರ್‌ಗೆ ಸಾಲದು. ಬೋರ್ ನೀರಿದ್ದರೆ ಗಾಜಿನ ಲೇಪದ ಟ್ಯಾಂಕ್, ದಪ್ಪ ಮೆಗ್ನೀಶಿಯಂ ರಾಡ್ ಇರುವುದು ನೋಡಿ. ಎತ್ತರದ ಅಪಾರ್ಟ್‌ಮೆಂಟ್ ಅಥವಾ ಪ್ರೆಶರ್ ಪಂಪ್ ಇದ್ದರೆ 8 ಬಾರ್ ಅಂತ ಬರೆದಿರುವುದೇ ಬೇಕು. ಹತ್ತು ಮೀಟರ್ ಎತ್ತರದ ನೀರು ಒಂದು ಬಾರ್ ಒತ್ತಡ, ಮೂರಂತಸ್ತಿನ ಸ್ವಂತ ಮನೆಯವರಿಗೆ ಈ ಚಿಂತೆ ಇಲ್ಲ. ಐಎಸ್‌ಐ ಗುರುತು ಇಲ್ಲದ್ದನ್ನು ಮುಟ್ಟಬೇಡಿ. ಸ್ಟಾರ್ ಲೆಕ್ಕ ಬರುವುದು ಕಾದ ನೀರು ಎಷ್ಟು ಹೊತ್ತು ಬಿಸಿ ಉಳಿಸಿಕೊಳ್ಳುತ್ತದೆ ಅನ್ನುವುದರ ಮೇಲೆ, ಆದ್ದರಿಂದ ಬೆಳಿಗ್ಗೆ ಒಬ್ಬರಾದ ಮೇಲೊಬ್ಬರು ನಿಧಾನವಾಗಿ ಸ್ನಾನ ಮಾಡುವ ಮನೆಗೆ ಅದರಿಂದ ಲಾಭ ಜಾಸ್ತಿ.

ಬದಲಾಯಿಸುವ ದಿನ

ಎಂಸಿಬಿ ಆಫ್, ತಣ್ಣೀರಿನ ಕಾಕ್ ಬಂದ್, ಬಿಸಿನೀರಿನ ನಲ್ಲಿ ತೆರೆದು ಒತ್ತಡ ಇಳಿಸಬೇಕು. ಹಿಂದಿನ ರಾತ್ರಿಯೇ ಗೀಸರ್ ಆಫ್ ಮಾಡಿಟ್ಟರೆ ನೀರು ತಣ್ಣಗಾಗಿರುತ್ತದೆ, ಕೈ ಸುಡುವುದಿಲ್ಲ. ಕೆಳಗೆ ಬಕೆಟ್ ಇಟ್ಟು ತಣ್ಣೀರಿನ ನಟ್ಟು ಬಿಚ್ಚಿ ವಾಲ್ವನ್ನೂ ತೆಗೆದರೆ ಒಳಗಿನ ನೀರೆಲ್ಲ ಇಳಿಯುತ್ತದೆ. ನೀರು ಇರುವಾಗಲೇ ಗೋಡೆಯಿಂದ ಇಳಿಸಲು ಹೋಗಬೇಡಿ, ನೀರೊಂದೇ 25 ಕೆಜಿ.

ಹಳೆಯ ಬೋಲ್ಟಿನ ತೂತು ಹೊಸದಕ್ಕೆ ಹೊಂದುವುದು ಅಪರೂಪ. ಇಟ್ಟಿಗೆ ಗೋಡೆಗೆ ಫಾಸ್ಟನರ್ ಬೋಲ್ಟ್ ಸಾಕು. ಹಾಲೋ ಬ್ಲಾಕ್ ಆದರೆ ಅದು ಹಿಡಿತ ಬಿಡುತ್ತದೆ, ಗೋಡೆಯ ಆಚೆ ಬದಿಗೆ ಪಟ್ಟಿ ಕೊಟ್ಟು, ಈಚೆಯಿಂದ ಆಚೆಗೆ ಹಾಯುವ ಉದ್ದ ಬೋಲ್ಟ್ ಹಾಕಿಸಿ. ಕನೆಕ್ಷನ್ ಪೈಪ್ ಎರಡೂ ಹೊಸದೇ ಇರಲಿ, ಹಳೆಯದನ್ನು ಮತ್ತೆ ಹಾಕಿ ಉಳಿಸುವುದು ಪುಡಿಗಾಸು. ಬಿಸಿನೀರಿನ ದಾರಿಯಲ್ಲಿ ಮಾಮೂಲಿ ಬಿಳಿ ಪಿವಿಸಿ ಬೇಡ, ಶಾಖಕ್ಕೆ ಮೆತ್ತಗಾಗಿ ಬಾಗುತ್ತದೆ. ಸಿಪಿವಿಸಿ ಅಥವಾ ಲೋಹದ್ದು ಇರಬೇಕು. ಡಬ್ಬಿಯಲ್ಲಿ ಬಂದ ವಾಲ್ವನ್ನು ತಣ್ಣೀರಿನ ಕಡೆ, ಬಾಣದ ಗುರುತು ಗೀಸರಿನ ಕಡೆ ಇರುವ ಹಾಗೆ ಹಾಕಿಸಿ. "ಇದು ಬೇಕಾಗಿಲ್ಲ" ಅಂತ ಪಕ್ಕಕ್ಕಿಟ್ಟರೆ ಒಪ್ಪಬೇಡಿ.

ಕೊನೆಗೆ ಒಂದು ಕ್ರಮ ತಪ್ಪಬಾರದು. ಮೊದಲು ನೀರು, ಆಮೇಲೆ ಕರೆಂಟು. ಕಾಕ್ ತೆರೆದು, ಬಿಸಿನೀರಿನ ನಲ್ಲಿಯಿಂದ ಗಾಳಿ ಬುಸುಗುಟ್ಟುವುದು ನಿಂತು ಒಂದೇ ಸಮ ಧಾರೆ ಬರುವ ತನಕ ಕಾಯಿರಿ. ಒಳಗೆ ನೀರಿಲ್ಲದೆ ಆನ್ ಮಾಡಿದರೆ ಹೊಸ ಕಾಯಿಲ್ ನಿಮಿಷಗಳಲ್ಲಿ ಸುಡುತ್ತದೆ. ಥರ್ಮೋಸ್ಟಾಟ್ 55ರಿಂದ 60 ಡಿಗ್ರಿಗೆ ಇಡಿಸಿ, ಅದಕ್ಕಿಂತ ಮೇಲೆ ಹೋದಷ್ಟೂ ಉಪ್ಪು ಬೇಗ ಕಟ್ಟುತ್ತದೆ.

ಮೊದಲ ವಾರ ದಿನಕ್ಕೊಂದು ಸಲ ಎರಡೂ ನಟ್ಟಿಗೆ ಒಣ ಟಿಶ್ಯೂ ಸುತ್ತಿ ನೋಡಿ. ಇಪ್ಪತ್ತು ನಿಮಿಷ ಓಡಿದ ಮೇಲೆ ಆಫ್ ಮಾಡಿ ಒಣ ಕೈಯಲ್ಲಿ ಪ್ಲಗ್ ಮುಟ್ಟಿ, ಸ್ವಲ್ಪ ಬೆಚ್ಚಗಿದ್ದರೆ ಸರಿ, ಹಿಡಿಯಲಾಗದಷ್ಟು ಬಿಸಿ ಇದ್ದರೆ ಸಾಕೆಟ್ ಬದಲಾಯಿಸಿ. ಆಮೇಲೆ ಅಳಿಸದ ಮಾರ್ಕರ್ ತೆಗೆದುಕೊಂಡು ಗೀಸರಿನ ತಳದಲ್ಲಿ ಎರಡು ಸಾಲು ಬರೆಯಿರಿ, ಹಾಕಿಸಿದ ತಿಂಗಳು ಮತ್ತು ಮುಂದೆ ರಾಡ್ ನೋಡಿಸಬೇಕಾದ ತಿಂಗಳು.